ಡ್ರೈವರಿನ ನಂಬರು ಏನನ್ನು ಹೇಳುತ್ತದೆ?



ಕಂಪ್ಯೂಟರ್ ಶಿಕ್ಷಣದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಯಾವ ಕೋರ್ಸಿಗೆ ಸೇರಬೇಕು, ಯಾವುದಕ್ಕೆ ಬೇಡಿಕೆ ಇದೆ, ಎಲ್ಲಿ ಸಂಬಳ ಹೆಚ್ಚು ಎಂಬುದನ್ನು ಹೇಳುತ್ತಾರೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯಲ್ಲೇ ಇದ್ದಾರೆ. ನಾನು ಆರಿಸಿಕೊಂಡದ್ದು ಬಹಳ ಚಿಕ್ಕ ವಿಷಯ. ಕಂಪ್ಯೂಟರಿನೊಳಗಿನ ಡ್ರೈವರ್ ಎಂಬ ತಂತ್ರಾಂಶಕ್ಕೆ ಒಂದು ನಂಬರು ಇರುತ್ತದೆ, ಅದನ್ನು ವರ್ಶನ್ ಎನ್ನುತ್ತೇವೆ. ಆ ನಂಬರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಷ್ಟೇ ಇಂದಿನ ಮಾತು. ಇಷ್ಟು ಸಣ್ಣ ಸಂಗತಿಗೆ ಒಂದು ಉಪನ್ಯಾಸವೇ ಎಂದು ನಿಮಗೆ ಅನಿಸಬಹುದು. ಆದರೆ ಈ ನಂಬರನ್ನು ನೋಡಿ ತಪ್ಪು ಕಡೆ ಹುಡುಕಿದರೆ ಎಷ್ಟು ನಷ್ಟವಾಗುತ್ತದೆ ಎಂಬುದಕ್ಕೆ ಒಂದು ನಿಜವಾದ ಘಟನೆಯನ್ನೇ ಮುಂದೆ ಹೇಳಲಿದ್ದೇನೆ.

ಡ್ರೈವರ್ ಎಂದ ಕೂಡಲೇ ಬಸ್ಸಿನ ಚಾಲಕನನ್ನು ನೆನೆಯಬೇಡಿ. ದುಭಾಷಿಯನ್ನು ನೆನೆಯಿರಿ. ಕಂಪ್ಯೂಟರಿನಲ್ಲಿರುವ ನೆಟ್‌ವರ್ಕ್ ಕಾರ್ಡು, ಪ್ರಿಂಟರು, ಧ್ವನಿಯ ಚಿಪ್ಪು, ಪರದೆ, ಇವುಗಳಲ್ಲಿ ಒಂದೊಂದೂ ತನ್ನದೇ ಭಾಷೆಯನ್ನಾಡುತ್ತದೆ. ಇವುಗಳೆಲ್ಲವನ್ನೂ ಆಳುವ ಕೇಂದ್ರ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಕರ್ನಲ್ಲಿಗೂ ಯಂತ್ರದ ಭಾಗಕ್ಕೂ ನಡುವೆ ನಿಂತು ಮಾತನ್ನು ಅತ್ತಿಂದಿತ್ತ ತಲುಪಿಸುವವನೇ ಡ್ರೈವರ್. ದುಭಾಷಿ ತಪ್ಪು ಹೇಳಿದರೆ ಇಬ್ಬರು ಒಳ್ಳೆಯವರ ನಡುವೆಯೂ ಜಗಳವಾಗುತ್ತದಲ್ಲ, ಇಲ್ಲಿಯೂ ಹಾಗೆಯೇ.

ಲಿನಕ್ಸ್ ಕರ್ನಲ್ಲಿನ ಹೆಸರನ್ನು ನೀವು ಕೇಳಿರುತ್ತೀರಿ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ ಆರಂಭಿಸಿದ ಕೆಲಸವದು. ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಅದೇ ಕರ್ನಲ್. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿಯೂ ಲಿನಕ್ಸೇ ಇದೆ. ಅದರ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಈಗ ಅದು 3 ಕೋಟಿ ಸಾಲುಗಳನ್ನು ಮೀರಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಡ್ರೈವರುಗಳದ್ದೇ.

ಇನ್ನು ನಂಬರಿನ ವಿಷಯ. ರಿಪೇರಿ ಅಂಗಡಿಗೆ ಕಂಪ್ಯೂಟರ್ ಕೊಂಡೊಯ್ದರೆ, "ಲೇಟೆಸ್ಟ್ ಡ್ರೈವರ್ ಹಾಕಿದ್ದೇನೆ, ಇನ್ನು ತೊಂದರೆ ಇಲ್ಲ" ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ನಂಬರು ದೊಡ್ಡದಾದಷ್ಟೂ ಡ್ರೈವರ್ ಹೊಸದು, ಹೊಸದಾದಷ್ಟೂ ಒಳ್ಳೆಯದು ಎಂಬುದು ಈ ಮಾತಿನ ಹಿಂದಿರುವ ನಂಬಿಕೆ. ಚಿಪ್ಪು ತಯಾರಿಸುವ ಕಂಪೆನಿಗಳು ತಮ್ಮ ಡ್ರೈವರನ್ನು ಪ್ರತ್ಯೇಕವಾಗಿ ಕಟ್ಟಿ ಸಿ.ಡಿ.ಯಲ್ಲಿ ಕೊಡುತ್ತಿದ್ದ ಕಾಲದಲ್ಲಿ ಈ ನಂಬಿಕೆಗೆ ಆಧಾರವಿತ್ತು. ಕಂಪೆನಿ ಒಂದು ಕಟ್ಟನ್ನು ಸಿದ್ಧಮಾಡಿ ಅದಕ್ಕೆ ಒಂದು ನಂಬರು ಹಚ್ಚುತ್ತಿತ್ತು. ಗಿರಾಕಿ ಫೋನು ಮಾಡಿದಾಗ, "ನಿಮ್ಮಲ್ಲಿರುವುದು ಯಾವ ನಂಬರು?" ಎಂದು ಕೇಳಿದರೆ ಸಾಕಿತ್ತು. ಫೋನಿನ ಆಚೆ ಕಡೆ ಕುಳಿತು ನೂರು ಜನರಿಗೆ ಉತ್ತರ ಹೇಳಬೇಕಾದ ಉದ್ಯೋಗಿಗೆ ಆ ಒಂದು ನಂಬರು ಎಷ್ಟು ಉಪಕಾರಿ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಅದೇ ಡ್ರೈವರ್ ಲಿನಕ್ಸ್ ಕರ್ನಲ್ಲಿನ ಮೂಲ ಬರಹದೊಳಗೆ ಸೇರಿದ ಮೇಲೆ ಪರಿಸ್ಥಿತಿ ಬೇರೆಯಾಗುತ್ತದೆ. ಕರ್ನಲ್ಲಿನ ಒಳಭಾಗದ ವ್ಯವಹಾರಗಳು ಸ್ಥಿರವಲ್ಲ. ಒಳಗಿನ ಒಂದು ಕಾರ್ಯದ ವಿಧಾನವನ್ನು ಬದಲಿಸಿದವರೇ, ಅದನ್ನು ಬಳಸುವ ಎಲ್ಲ ಡ್ರೈವರುಗಳನ್ನೂ ತಿದ್ದಿಕೊಡಬೇಕು ಎಂಬುದು ಅಲ್ಲಿನ ಪದ್ಧತಿ. ಹೀಗೆ ಒಬ್ಬರು ಒಂದೇ ದಿನ ಐವತ್ತು ಡ್ರೈವರುಗಳಲ್ಲಿ ಎರಡೆರಡು ಸಾಲು ಬದಲಿಸಿದರೆ, ಆ ಐವತ್ತರ ನಂಬರನ್ನೂ ಏರಿಸುತ್ತಾ ಕೂರುವುದಿಲ್ಲ. ಡ್ರೈವರ್ ಬದಲಾಯಿತು, ನಂಬರು ಹಳೆಯದೇ ಉಳಿಯಿತು. ಪಠ್ಯಪುಸ್ತಕದ ಒಳಗೆ ಹಾಳೆಗಳನ್ನು ಬದಲಿಸಿ, ರಟ್ಟಿನ ಮೇಲೆ "ಮೂರನೆಯ ಮುದ್ರಣ" ಎಂದು ಹಾಗೆಯೇ ಬಿಟ್ಟಂತೆ.

ಒಂದು ಉದಾಹರಣೆ ಕೊಡುತ್ತೇನೆ. ಇಂಟೆಲ್ ಕಂಪೆನಿಯ ನೆಟ್‌ವರ್ಕ್ ಚಿಪ್ಪುಗಳಿಗೆ ಇ1000ಇ ಎಂಬ ಡ್ರೈವರ್ ಇದೆ. ಮೇಜಿನ ಮೇಲಿಡುವ ಕಂಪ್ಯೂಟರುಗಳಲ್ಲಿಯೂ ಲ್ಯಾಪ್‌ಟಾಪುಗಳಲ್ಲಿಯೂ ಸರ್ವೇಸಾಧಾರಣ. 2016ರ ಜನವರಿಯಲ್ಲಿ ಬಂದ ಕರ್ನಲ್ 4.4ರಲ್ಲಿ ಈ ಡ್ರೈವರಿನ ನಂಬರು 3.2.6-ಕೆ. 2019ರ ನವೆಂಬರಿನಲ್ಲಿ ಬಂದ ಕರ್ನಲ್ 5.4ರಲ್ಲಿಯೂ ಅದರ ನಂಬರು 3.2.6-ಕೆ! ನಡುವೆ ಸುಮಾರು ನಾಲ್ಕು ವರ್ಷ ಕಳೆದಿತ್ತು. 4.4ರ ನಂತರ ಕರ್ನಲ್ಲಿನ ಇಪ್ಪತ್ತೊಂದು ಆವೃತ್ತಿಗಳು ಬಂದಿದ್ದವು. ಕ್ಯಾನನ್ ಲೇಕ್, ಐಸ್ ಲೇಕ್ ಎಂಬ ಹೊಸ ತಲೆಮಾರಿನ ಯಂತ್ರಗಳಿಗೆ ಬೇಕಾದ ಬೆಂಬಲ ಇದೇ ಡ್ರೈವರಿಗೆ ಸೇರಿತ್ತು, ದೋಷಗಳ ತಿದ್ದುಪಡಿಯೂ ಆಗಿತ್ತು. ಆದರೂ ನಂಬರು ಕದಲಲಿಲ್ಲ. ಕೊನೆಯಲ್ಲಿರುವ "ಕೆ" ಎಂಬ ಅಕ್ಷರ, ಇದು ಕರ್ನಲ್ಲಿನೊಳಗಿನ ಪ್ರತಿ ಎಂಬ ಗುರುತು. ಇಂಟೆಲ್ ಪ್ರತ್ಯೇಕವಾಗಿ ಹಂಚುತ್ತಿದ್ದ ಪ್ರತಿಗೆ ಬೇರೆಯೇ ನಂಬರುಗಳ ಸಾಲಿತ್ತು. ಅಂದರೆ ಒಂದೇ ಹೆಸರಿನ ಡ್ರೈವರಿಗೆ ಎರಡು ವಂಶಾವಳಿ. ಇವೆರಡರ ನಂಬರುಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಹೊಸದು ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ.

ಆಗಲೇ ಹೇಳಿದ ಘಟನೆಯೂ ಇದೇ ಇ1000ಇ ಡ್ರೈವರಿನದು. 2008ರಲ್ಲಿ ಕರ್ನಲ್ 2.6.27 ತಯಾರಾಗುತ್ತಿತ್ತು. ಹೊಸ ಆವೃತ್ತಿ ಬಿಡುಗಡೆಯಾಗುವ ಮೊದಲು ಅದರ ಪರೀಕ್ಷಾರ್ಥ ಪ್ರತಿಗಳು ಹೊರಬರುತ್ತವೆ, ಉತ್ಸಾಹಿಗಳು ಅವನ್ನು ತಮ್ಮ ಯಂತ್ರಗಳಲ್ಲಿ ಹಾಕಿ ನೋಡುತ್ತಾರೆ. ಹಾಗೆ ಹಾಕಿದ ಕೆಲವರ ನೆಟ್‌ವರ್ಕ್ ಕಾರ್ಡು ಇದ್ದಕ್ಕಿದ್ದಂತೆ ಸತ್ತುಹೋಯಿತು. ಮತ್ತೆ ಹಳೆಯ ಕರ್ನಲ್ಲಿಗೆ ಮರಳಿದರೂ ಅದು ಏಳಲಿಲ್ಲ. ವಿಂಡೋಸ್ ಹಾಕಿದರೂ ಇಲ್ಲ. ಕಾರಣವೇನೆಂದರೆ, ಕಾರ್ಡಿನ ವಿಳಾಸ ಮತ್ತು ವ್ಯವಸ್ಥೆಯ ವಿವರಗಳನ್ನು ಬರೆದಿಟ್ಟಿರುವ ಚಿಕ್ಕ ಶಾಶ್ವತ ಸ್ಮೃತಿಯೊಂದು ಇರುತ್ತದೆ, ಅದೇ ಕೆಟ್ಟುಹೋಗಿತ್ತು. ತಂತ್ರಾಂಶದ ದೋಷದಿಂದ ಕಂಪ್ಯೂಟರ್ ಸ್ಥಗಿತವಾಗುವುದು ದಿನನಿತ್ಯದ ಸಂಗತಿ. ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ. ಇಲ್ಲಿ ಹಾಗಲ್ಲ, ಯಂತ್ರಾಂಶವೇ ಹಾಳಾಗುತ್ತಿತ್ತು.

ಸಹಜವಾಗಿಯೇ ಎಲ್ಲರ ಬೆರಳು ಇ1000ಇ ಡ್ರೈವರಿನತ್ತ ತಿರುಗಿತು. ಸತ್ತದ್ದು ಆ ಡ್ರೈವರ್ ನೋಡಿಕೊಳ್ಳುವ ಕಾರ್ಡು ತಾನೇ? ಪರದೆಯ ವ್ಯವಸ್ಥೆಯ ಮೇಲೂ ಅನುಮಾನ ಬಂತು. ಲಿನಕ್ಸನ್ನು ಹಂಚುವ ಕೆಲವು ಸಂಸ್ಥೆಗಳು ತಮ್ಮ ಪರೀಕ್ಷಾ ಪ್ರತಿಗಳಲ್ಲಿ ಆ ಡ್ರೈವರನ್ನೇ ಬಂದ್ ಮಾಡಿಟ್ಟವು. ಡ್ರೈವರಿನ ಸಾಲುಗಳನ್ನು ಮತ್ತೆ ಮತ್ತೆ ಪರಿಶೀಲಿಸಲಾಯಿತು. ಆ ಸ್ಮೃತಿಗೆ ಯಾರೂ ಬರೆಯದಂತೆ ಡ್ರೈವರಿನಲ್ಲಿ ಒಂದು ಬೀಗವನ್ನೂ ಹಾಕಿದರು. 2008ರ ಅಕ್ಟೋಬರ್ 9ರಂದು 2.6.27 ಬಿಡುಗಡೆಯಾದದ್ದು ಆ ಬೀಗದೊಂದಿಗೆ. ಆದರೆ ಕಳ್ಳ ಯಾರು ಎಂಬುದು ಆಗಲೂ ಗೊತ್ತಿರಲಿಲ್ಲ.

ಕೊನೆಗೆ ಸಿಕ್ಕಿದ ಕಳ್ಳನಿಗೂ ನೆಟ್‌ವರ್ಕಿಗೂ ಸಂಬಂಧವೇ ಇರಲಿಲ್ಲ. ಎಫ್‌ಟ್ರೇಸ್ ಎಂಬುದು ಕರ್ನಲ್ಲಿನ ಯಾವ ಭಾಗ ಯಾವಾಗ ಓಡುತ್ತಿದೆ ಎಂದು ಗಮನಿಸುವ ಒಂದು ಸಾಧನ. 2.6.27ರಲ್ಲಿ ಅದು ಹೊಸದಾಗಿ ಸೇರಿತ್ತು. ತಾನು ಮುಂದೆ ತಿದ್ದಬೇಕಾದ ಜಾಗಗಳ ವಿಳಾಸಗಳನ್ನು ಅದು ಪಟ್ಟಿ ಮಾಡಿಟ್ಟುಕೊಳ್ಳುತ್ತಿತ್ತು. ಆದರೆ ಆರಂಭದಲ್ಲಿ ಒಮ್ಮೆ ಓಡಿ ಮುಗಿಯುವ ಕೆಲವು ಭಾಗಗಳನ್ನು ಕರ್ನಲ್ ಕೂಡಲೇ ಖಾಲಿಮಾಡಿ, ಆ ಜಾಗವನ್ನು ಬೇರೆಯವರಿಗೆ ಕೊಡುತ್ತದೆ. ಬಾಡಿಗೆ ಮನೆಯ ಹಾಗೆ ಎಂದಿಟ್ಟುಕೊಳ್ಳಿ. ಹಳೆಯ ಬಾಡಿಗೆದಾರ ಹೋದ, ಆ ಮನೆಗೆ ನೆಟ್‌ವರ್ಕ್ ಕಾರ್ಡಿನ ಸ್ಮೃತಿ ಬಂದು ಕುಳಿತಿತು. ಎಫ್‌ಟ್ರೇಸ್ ಮಾತ್ರ ತನ್ನ ಹಳೆಯ ಪಟ್ಟಿ ಹಿಡಿದು ಅದೇ ಬಾಗಿಲಿಗೆ ಬಂತು. ಹಳೆಯವರು ಇದ್ದಾರೆಯೇ ಎಂದು ನೋಡಿ, ಇದ್ದರೆ ಮಾತ್ರ ಬರೆಯುವುದು ಅದರ ಉದ್ದೇಶ. ಸಾಮಾನ್ಯ ಸ್ಮೃತಿಯಲ್ಲಿ ಇದರಿಂದ ಅಪಾಯವಿರಲಿಲ್ಲ. ಯಂತ್ರದ ಭಾಗಕ್ಕೆ ಜೋಡಿಸಿದ ಸ್ಮೃತಿಯಲ್ಲಾದರೋ, ಹಾಗೆ "ನೋಡುವ" ಆದೇಶವೇ ಒಂದು ಬರವಣಿಗೆಯಾಗಿ ಪರಿಣಮಿಸುತ್ತದೆ. ಅಷ್ಟೇ ಸಾಕಾಯಿತು. ಅದೇ ತಿಂಗಳು ಬಂದ 2.6.27.1ರಲ್ಲಿ ಎಫ್‌ಟ್ರೇಸಿನ ಆ ಭಾಗವನ್ನು ಬಂದ್ ಮಾಡಿದರು. ಮುಂದಿನ ಆವೃತ್ತಿಯ ಹೊತ್ತಿಗೆ ಅದನ್ನು ಬೇರೆ ವಿಧಾನದಲ್ಲಿ ಕಟ್ಟಲಾಯಿತು.

ಈಗ ಯೋಚಿಸಿ ನೋಡಿ. ಕಾರ್ಡು ಕಳೆದುಕೊಂಡ ಒಬ್ಬರು ತಮ್ಮ ಇ1000ಇ ಡ್ರೈವರಿನ ನಂಬರನ್ನು ಮಾತ್ರ ಬರೆದು ಕಳುಹಿಸಿದ್ದರೆ, ಆ ನಂಬರು ಯಾವ ಉತ್ತರವನ್ನು ಕೊಡುತ್ತಿತ್ತು? ಅದೇ ಡ್ರೈವರಿನ ಅವೇ ಸಾಲುಗಳು ಎಫ್‌ಟ್ರೇಸ್ ಇಲ್ಲದ ಕರ್ನಲ್ಲಿನಲ್ಲಿ ನಿರಪರಾಧಿಗಳು. ಡ್ರೈವರ್ ಒಂಟಿಯಾಗಿ ಬದುಕುವ ವಸ್ತುವಲ್ಲ. ಅದರ ನಡತೆಯನ್ನು ನಿರ್ಧರಿಸುವುದು ಅದರ ಸುತ್ತಲಿನ ಇಡೀ ಕರ್ನಲ್. ಹಾಗಾಗಿ ಡ್ರೈವರಿನ ನಿಜವಾದ ವರ್ಶನ್ ಎಂದರೆ ಅದು ಯಾವ ಕರ್ನಲ್ಲಿನಲ್ಲಿ ಇದೆಯೋ ಆ ಕರ್ನಲ್ಲಿನ ವರ್ಶನ್. ಕರ್ನಲ್ ಬೆಳೆಸುವವರು ಬಹಳ ಹಿಂದೆಯೇ ಬಂದು ನಿಂತ ತೀರ್ಮಾನ ಇದು. ನನಗೂ ಇದೇ ಸರಿ ಎನಿಸುತ್ತದೆ.

ಈ ತೀರ್ಮಾನ ಕಾರ್ಯರೂಪಕ್ಕೆ ಬರಲು ಮಾತ್ರ ಕಾಲ ಹಿಡಿಯಿತು. 2020ರಲ್ಲಿ ನೆಟ್‌ವರ್ಕ್ ವಿಭಾಗದವರು, ಡ್ರೈವರ್ ತನ್ನ ನಂಬರನ್ನು ತಾನೇ ಹೇಳದಿದ್ದರೆ ಅದರ ಜಾಗದಲ್ಲಿ ಕರ್ನಲ್ಲಿನ ನಂಬರನ್ನೇ ತೋರಿಸುವ ವ್ಯವಸ್ಥೆ ಮಾಡಿದರು. ನಂತರ ಒಂದೊಂದೇ ಡ್ರೈವರಿನಿಂದ ಕೈಯಲ್ಲಿ ಬರೆದ ನಂಬರುಗಳನ್ನು ಅಳಿಸುತ್ತಾ ಬಂದರು. ಈ ಕೆಲಸದಲ್ಲಿ ಮುಂದೆ ನಿಂತವರು ಲಿಯೋನ್ ರೊಮಾನೋವ್ಸ್ಕಿ ಎಂಬ ಇಂಜಿನಿಯರ್. ನಮ್ಮ 3.2.6-ಕೆ ಕೂಡ ಹೀಗೆಯೇ ನಿವೃತ್ತಿ ಹೊಂದಿತು.

ಹಾಗಾದರೆ ಕರ್ನಲ್ಲಿನ ನಂಬರನ್ನಾದರೂ ಪೂರ್ತಿ ನಂಬಬಹುದೇ ಎಂದು ನಿಮ್ಮಲ್ಲಿ ಚುರುಕಾದವರು ಕೇಳುತ್ತೀರಿ. ಅಲ್ಲಿಯೂ ಜಾಗ್ರತೆ ಬೇಕು. ರೆಡ್ ಹ್ಯಾಟ್ ಸಂಸ್ಥೆ 2019ರಲ್ಲಿ ಬಿಡುಗಡೆ ಮಾಡಿದ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಕಾಣುವ ಕರ್ನಲ್ ನಂಬರು 4.18. ಮೂಲ 4.18 ಬಂದದ್ದು 2018ರಲ್ಲಿ. ಆದರೆ ರೆಡ್ ಹ್ಯಾಟಿನವರು ಅದರ ನಂತರದ ಆವೃತ್ತಿಗಳ ಡ್ರೈವರುಗಳನ್ನೂ ಭದ್ರತೆಯ ತಿದ್ದುಪಡಿಗಳನ್ನೂ ತಂದು ಆ ಹಳೆಯ ಹೆಸರಿನೊಳಗೇ ಸೇರಿಸುತ್ತಾ ಹೋದರು. ನಂಬರು ನೋಡಿ "ಇದು ಹಳತು, ಅಪಾಯ" ಎಂದರೂ ತಪ್ಪಾದೀತು. ಅದೇ ನಂಬರು ಕಂಡ ಬೇರೊಂದು ಯಂತ್ರವನ್ನು "ಇದೂ ಅದೇ, ಸುರಕ್ಷಿತ" ಎಂದರೂ ತಪ್ಪಾದೀತು.

ಇನ್ನೊಂದು ತಮಾಷೆಯ ಪ್ರಸಂಗವಿದೆ, ಗಣಿತದ ಮೇಷ್ಟ್ರಿಗೆ ಇಷ್ಟವಾಗಬಹುದು. ದೀರ್ಘಕಾಲ ಕಾಪಾಡುವ ಆವೃತ್ತಿಗಳಿಗೆ ತಿದ್ದುಪಡಿ ಬಂದಂತೆಲ್ಲ ಮೂರನೆಯ ಅಂಕೆ ಏರುತ್ತಾ ಹೋಗುತ್ತದೆ. ಆ ಅಂಕೆಗೆ ಕರ್ನಲ್ ಒಳಗೆ ಇಟ್ಟಿದ್ದ ಜಾಗ ಎಂಟು ಬಿಟ್ ಮಾತ್ರ, ಅಂದರೆ 255ರವರೆಗೆ ಬರೆಯಬಹುದು. ಅಷ್ಟು ದೂರ ಯಾರು ಹೋಗುತ್ತಾರೆ ಎಂದುಕೊಂಡಿದ್ದರೇನೋ! 2021ರ ಫೆಬ್ರವರಿಯಲ್ಲಿ 4.4 ಮತ್ತು 4.9 ಎಂಬ ಎರಡು ಸರಣಿಗಳೂ 256ಕ್ಕೆ ಮುಟ್ಟಿದವು. ಆಮೇಲೆ ಒಳಗಿನ ಲೆಕ್ಕದಲ್ಲಿ ಆ ಅಂಕೆಯನ್ನು 255ರಲ್ಲೇ ನಿಲ್ಲಿಸಿಬಿಟ್ಟರು. ಹಾಗಾಗಿ ಆ ಲೆಕ್ಕವನ್ನು ನೋಡುವ ತಂತ್ರಾಂಶಕ್ಕೆ 4.9.255 ಮತ್ತು 4.9.300 ಎರಡೂ ಒಂದೇ.

ನಂಬರುಗಳ ಕಥೆ ಹೀಗಾದರೆ, ನಿಜವಾಗಿ ಏನು ಬದಲಾಯಿತು ಎಂಬುದನ್ನು ಹಿಡಿದಿಡುವುದು ಯಾವುದು? ಅದಕ್ಕೆ ಗಿಟ್ ಎಂಬ ದಾಖಲೆ ವ್ಯವಸ್ಥೆ ಇದೆ. ಇದನ್ನೂ ಟೋರ್ವಾಲ್ಡ್ಸ್ ಅವರೇ 2005ರ ಏಪ್ರಿಲ್‌ನಲ್ಲಿ ಬರೆದರು. ಅದಕ್ಕೆ ಮೊದಲು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶದ ಉಚಿತ ಬಳಕೆಯನ್ನು ಅದರ ಒಡೆಯರು ನಿಲ್ಲಿಸಿದ್ದರಿಂದ ಹಾಗೆ ಮಾಡಬೇಕಾಯಿತು. ಜಮೀನು ಇರುವ ಮನೆಯವರಿಗೆ ಗಿಟ್ಟನ್ನು ವಿವರಿಸುವುದು ಸುಲಭ. ಪಹಣಿಯಲ್ಲಿ ಇಂದಿನ ಸ್ಥಿತಿ ಮಾತ್ರ ಕಾಣುತ್ತದೆ. ಈ ಹಕ್ಕು ಯಾರಿಂದ ಯಾರಿಗೆ, ಯಾವಾಗ, ಯಾವ ಆಧಾರದ ಮೇಲೆ ಬಂತು ಎಂದು ತಿಳಿಯಬೇಕಾದರೆ ಮ್ಯುಟೇಶನ್ ದಾಖಲೆ ತೆಗೆಯಬೇಕು. ಡ್ರೈವರಿನ ನಂಬರು ಪಹಣಿಯ ಮೇಲಿನ ಒಂದು ಗೆರೆ ಇದ್ದಂತೆ. ಗಿಟ್ ಎಂದರೆ ಮ್ಯುಟೇಶನ್ ರಿಜಿಸ್ಟರು.

ಆ ರಿಜಿಸ್ಟರಿನ ಪ್ರತಿಯೊಂದು ನಮೂದಿಗೆ ಕಮಿಟ್ ಎಂದು ಹೆಸರು. ಏನನ್ನು ಬದಲಿಸಲಾಯಿತು, ಏಕೆ, ಯಾರು ಬರೆದರು, ಯಾರ ಕೈಯಿಂದ ಯಾರ ಕೈಗೆ ದಾಟಿ ಬಂತು, ಎಲ್ಲವೂ ಅದರಲ್ಲಿರುತ್ತದೆ. ಕೈ ದಾಟಿಸಿದ ಪ್ರತಿಯೊಬ್ಬರೂ "ಸೈನ್ಡ್-ಆಫ್-ಬೈ" ಎಂದು ತಮ್ಮ ಹೆಸರು ಬರೆಯಬೇಕು. ಈ ಕ್ರಮ 2004ರಿಂದ ಇದೆ. ಪ್ರತಿ ಕಮಿಟ್ಟಿಗೂ 40 ಅಕ್ಷರಗಳ ಒಂದು ಗುರುತು ಇರುತ್ತದೆ. ಅದನ್ನು ಯಾರೂ ಕೈಯಿಂದ ಹಚ್ಚುವುದಿಲ್ಲ, ಒಳಗಿನ ಬರಹದಿಂದಲೇ ಅದು ಲೆಕ್ಕವಾಗಿ ಹುಟ್ಟುತ್ತದೆ. ಒಂದು ಅಲ್ಪವಿರಾಮ ಬದಲಿಸಿದರೂ ಗುರುತು ಬದಲಾಗುತ್ತದೆ. ಒಂದು ತಿದ್ದುಪಡಿಯು ಹಿಂದಿನ ಯಾವ ಕಮಿಟ್ಟಿನಿಂದ ಬಂದ ದೋಷವನ್ನು ಸರಿಪಡಿಸುತ್ತದೆ ಎಂಬುದನ್ನು "ಫಿಕ್ಸಸ್" ಎಂಬ ಸಾಲಿನಲ್ಲಿ ಆ ಗುರುತಿನ ಮೊದಲ 12 ಅಕ್ಷರಗಳೊಂದಿಗೆ ಬರೆಯುತ್ತಾರೆ. 2024ರ ಫೆಬ್ರವರಿಯಿಂದ ಕರ್ನಲ್ಲಿನ ಭದ್ರತಾ ದೋಷಗಳಿಗೆ ಸಿವಿಇ ಸಂಖ್ಯೆಯನ್ನು ಕರ್ನಲ್ ತಂಡವೇ ಕೊಡುತ್ತಿದೆ. ದೋಷ ಯಾವ ಕಮಿಟ್ಟಿನಲ್ಲಿ ಹೊಕ್ಕಿತು, ಯಾವುದರಲ್ಲಿ ಹೋಯಿತು ಎಂಬುದು ಅದರಲ್ಲಿಯೂ ಇರುತ್ತದೆ.

ಈ ದಾಖಲೆಯಿಂದ ಆಗುವ ಒಂದು ಪ್ರಯೋಜನವನ್ನು ನಾನು ವಿಶೇಷವಾಗಿ ಹೇಳಬೇಕು. ಸುಮಾರು ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊಸ ಕರ್ನಲ್ ಬರುತ್ತದೆ, ಎರಡು ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್ಟುಗಳಿರುತ್ತವೆ. ಹಿಂದಿನದರಲ್ಲಿ ವೈಫೈ ಓಡುತ್ತಿತ್ತು, ಹೊಸದರಲ್ಲಿ ಓಡುತ್ತಿಲ್ಲ ಎಂದಾದರೆ ಹತ್ತು ಸಾವಿರದಲ್ಲಿ ತಪ್ಪಿತಸ್ಥ ಯಾರು? ಗಿಟ್ಟಿನಲ್ಲಿ ಬಿಸೆಕ್ಟ್ ಎಂಬ ಆಜ್ಞೆ ಇದೆ. ನಡುವಿನ ಕಮಿಟ್ಟಿಗೆ ಹೋಗಿ ಪರೀಕ್ಷಿಸಿ. ಅಲ್ಲಿ ವೈಫೈ ಓಡಿದರೆ ದೋಷ ನಂತರದ ಅರ್ಧದಲ್ಲಿದೆ, ಓಡದಿದ್ದರೆ ಮೊದಲಿನ ಅರ್ಧದಲ್ಲಿ. ಮತ್ತೆ ಆ ಅರ್ಧದ ಅರ್ಧ. ನಿಘಂಟಿನಲ್ಲಿ ಪದ ಹುಡುಕಲು ನಡುವಿನ ಪುಟ ತೆರೆಯುವುದಿಲ್ಲವೇ, ಹಾಗೆ. 16,384 ಕಮಿಟ್ಟುಗಳಿದ್ದರೂ 14 ಸಲ ಪರೀಕ್ಷಿಸಿದರೆ ಒಂದೇ ಒಂದು ಉಳಿಯುತ್ತದೆ. ಇದನ್ನು ಮಾಡಲು ಡ್ರೈವರ್ ಬರೆಯುವ ಪಾಂಡಿತ್ಯ ಬೇಕಿಲ್ಲ. ತಾಳ್ಮೆ ಬೇಕು, ಒಂದು ರಜಾದಿನ ಬೇಕು.

ಹಿಂದೆ ಸರಿಯಿದ್ದದ್ದು ಮುಂದೆ ಕೆಟ್ಟರೆ ಅದಕ್ಕೆ ರಿಗ್ರೆಶನ್ ಎನ್ನುತ್ತಾರೆ. ಇಂಥವುಗಳ ಪಟ್ಟಿ ಇಟ್ಟು, ಸಂಬಂಧಪಟ್ಟವರನ್ನು ಬೆನ್ನು ಹತ್ತುವ ಕೆಲಸವನ್ನು ಮೊದಲು ಆಡ್ರಿಯನ್ ಬಂಕ್, ನಂತರ ರಫೇಲ್ ವೈಸೋಕಿ ಮಾಡಿದರು. 2021ರಿಂದ ಜರ್ಮನಿಯ ಥೋರ್ಸ್ಟನ್ ಲೀಮ್ಹುಯಿಸ್ ಮತ್ತೆ ಅದನ್ನು ಕೈಗೆತ್ತಿಕೊಂಡರು. ಅವರು ವೃತ್ತಿಯಿಂದ ಪತ್ರಕರ್ತರಾಗಿದ್ದವರು. ಸುದ್ದಿಯ ಮೂಲವನ್ನು ಬೆನ್ನಟ್ಟುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂದಿರಬೇಕು.

ಇಷ್ಟೆಲ್ಲ ಹೇಳಿದ್ದು ಕರ್ನಲ್ಲಿನೊಳಗೆ ಸೇರಿರುವ ಡ್ರೈವರುಗಳಿಗೆ ಅನ್ವಯಿಸುತ್ತದೆ. ಹೊರಗೆ ಉಳಿದ ಡ್ರೈವರುಗಳೂ ಇವೆ. ಕಂಪೆನಿ ಬೇರೆಯಾಗಿ ಕೊಟ್ಟ ಪ್ರಿಂಟರು, ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರನ್ನು ಲ್ಯಾಬಿನ ಕಂಪ್ಯೂಟರಿಗೆ ಹಾಕಿದವರಿಗೆ ಇದರ ಅನುಭವವಿರುತ್ತದೆ. ಕರ್ನಲ್ಲಿಗೆ ಹೊರಗಿನಿಂದ ಸೇರಿಸುವ ಮಾಡ್ಯೂಲಿನಲ್ಲಿ ವರ್‌ಮ್ಯಾಜಿಕ್ ಎಂಬ ಒಂದು ಮುದ್ರೆ ಇರುತ್ತದೆ, ತಾನು ಯಾವ ಕರ್ನಲ್ಲಿಗೆಂದು ತಯಾರಾದೆ ಎಂಬುದನ್ನು ಅದು ಹೇಳುತ್ತದೆ. ಮುದ್ರೆ ಹೊಂದದಿದ್ದರೆ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಕರ್ನಲ್ ಅಪ್‌ಡೇಟ್ ಆದ ಮರುದಿನ ಇಂಟರ್‌ನೆಟ್ ಬರುತ್ತಿಲ್ಲ ಎಂಬ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ. ಪ್ರತಿ ಹೊಸ ಕರ್ನಲ್ಲಿಗೂ ಅಂಥ ಡ್ರೈವರನ್ನು ತಾನಾಗಿಯೇ ಮರುತಯಾರು ಮಾಡುವ ಡಿಕೆಎಂಎಸ್ ಎಂಬ ಸಾಧನವನ್ನು ಡೆಲ್ ಕಂಪೆನಿಯ ಇಂಜಿನಿಯರುಗಳು ರಚಿಸಿದರು. ಹೊರಗಿನ ಡ್ರೈವರುಗಳಿಗೆ ಮಾತ್ರ ಅವುಗಳದೇ ನಂಬರು ಇಂದಿಗೂ ಬೇಕು, ಏಕೆಂದರೆ ಕರ್ನಲ್ಲಿನ ರಿಜಿಸ್ಟರಿನಲ್ಲಿ ಅವುಗಳ ಹೆಸರೇ ಇಲ್ಲ. ಶಾಲೆಗೆ ಹೊಸ ಯಂತ್ರ ಕೊಳ್ಳುವಾಗ ಅದರ ಭಾಗಗಳಿಗೆ ಕರ್ನಲ್ಲಿನೊಳಗೇ ಡ್ರೈವರ್ ಇದೆಯೇ ಎಂದು ವಿಚಾರಿಸಿಕೊಳ್ಳಿರೆಂದು ಆಡಳಿತ ಮಂಡಳಿಯವರನ್ನು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಲಿನಕ್ಸ್ ಇರುವ ಯಂತ್ರವೊಂದರಲ್ಲಿ ಟರ್ಮಿನಲ್ ತೆರೆದು "ಯುನೇಮ್" ಆಜ್ಞೆಯನ್ನು "ಆರ್" ಎಂಬ ಆಯ್ಕೆಯೊಂದಿಗೆ ಕೊಡಿ, ಕರ್ನಲ್ಲಿನ ಪೂರ್ಣ ಹೆಸರು ಬರುತ್ತದೆ. "ಮಾಡ್‌ಇನ್ಫೋ" ಎಂದು ಬರೆದು ಡ್ರೈವರಿನ ಹೆಸರು ಸೇರಿಸಿ. ಬರುವ ಸಾಲುಗಳಲ್ಲಿ ಮೊದಲು ಕಡತದ ದಾರಿಯನ್ನೂ ವರ್‌ಮ್ಯಾಜಿಕ್ಕನ್ನೂ ನೋಡಿ. ವರ್ಶನ್ ಎಂಬ ಸಾಲು ಇದ್ದರೂ ಇರಬಹುದು, ಇಲ್ಲದಿದ್ದರೂ ಗಾಬರಿಯಾಗಬೇಡಿ. "ಈಥ್‌ಟೂಲ್" ಆಜ್ಞೆ ನೆಟ್‌ವರ್ಕ್ ಕಾರ್ಡಿನೊಳಗೆ ಓಡುವ ಫರ್ಮ್‌ವೇರಿನ ನಂಬರನ್ನೂ ತೋರಿಸುತ್ತದೆ, ಅದು ಡ್ರೈವರಿನಿಂದ ಬೇರೆಯೇ ವಸ್ತು. ಏನಾದರೂ ಕೆಟ್ಟಿದೆ ಎಂದು ವರದಿ ಕಳುಹಿಸುವಾಗ ಇವಿಷ್ಟನ್ನು ಬರೆಯಿರಿ. ಜೊತೆಗೆ, ಯಾವ ಕರ್ನಲ್ಲಿನವರೆಗೆ ಸರಿಯಿತ್ತು, ಯಾವುದರಿಂದ ಕೆಟ್ಟಿತು ಎಂಬುದನ್ನು ತಪ್ಪದೆ ಸೇರಿಸಿ. ತಿದ್ದುಪಡಿ ಒಪ್ಪಿಗೆಯಾದಾಗ ಅದರ ಕಮಿಟ್ಟಿನಲ್ಲಿ "ರಿಪೋರ್ಟೆಡ್-ಬೈ" ಎಂಬ ಸಾಲಿನ ಮುಂದೆ ವರದಿ ಮಾಡಿದವರ ಹೆಸರು ಬರೆಯುವುದು ರೂಢಿ. ಹೈಸ್ಕೂಲಿನ ವಿದ್ಯಾರ್ಥಿಯ ಹೆಸರಾದರೂ ಸರಿಯೇ, ವಯಸ್ಸನ್ನು ಅಲ್ಲಿ ಕೇಳುವುದಿಲ್ಲ.